ಹಳೆಯ ಮನೆಯ ಅಟ್ಟಕ್ಕೊಂದು ತಂಪಿನ ಹೊದಿಕೆ

‘ಅಟ್ಟ’ ಎಂಬ ಎರಡಕ್ಷರದ ಮಾತು ನಿಮ್ಮಲ್ಲಿ ಎಷ್ಟು ಜನರ ಬಾಯಲ್ಲಿ ಉಳಿದಿದೆಯೋ! ಪುಣೆಯಲ್ಲಿ ಹುಟ್ಟಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆದ ನಿಮಗೆ ‘ಪೋಟಮಾಳಾ’ ಎಂದರೆ ಬೇಗ ಹೊಳೆಯಬಹುದು. ಛಾವಣಿಗೂ ಕೆಳಗಿನ ಕೋಣೆಗೂ ನಡುವೆ, ತಲೆ ತಗ್ಗಿಸಿ ಓಡಾಡಬೇಕಾದ ಇಳಿಜಾರು ಜಾಗವೇ ಅಟ್ಟ. ಊರ ಕಡೆ ಅಲ್ಲಿ ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ, ಮದುವೆ-ಮುಂಜಿವೆಯ ದೊಡ್ಡ ಪಾತ್ರೆಗಳು ಇರುತ್ತಿದ್ದವು. ಪುಣೆಯ ಪೇಠೆಗಳಲ್ಲಿ ಅಂಗೈಯಗಲ ಜಾಗಕ್ಕೂ ಬೆಲೆ. ಹೀಗಾಗಿ ಇಲ್ಲಿ ಅಟ್ಟದಲ್ಲಿ ಮನುಷ್ಯರೇ ಇರುತ್ತಾರೆ. ಪರೀಕ್ಷೆಗೆ ಓದುವ ಹುಡುಗ, ಕಾಲೇಜಿಗೆಂದು ಊರಿನಿಂದ ಬಂದ ನೆಂಟರ ಮಗಳು, ಪೇಯಿಂಗ್ ಗೆಸ್ಟ್ ವಿದ್ಯಾರ್ಥಿ, ಕೆಲವೊಮ್ಮೆ ಮನೆಗೆಲಸದ ಹುಡುಗಿ.

ಏಪ್ರಿಲ್ ಬಂತೆಂದರೆ ಪುಣೆಯ ಮಧ್ಯಾಹ್ನ 38-40 ಡಿಗ್ರಿ ಮುಟ್ಟುತ್ತದೆ. ಮನೆಯ ಅತಿ ಬಿಸಿಯಾದ ಜಾಗ ಆಗ ಅಟ್ಟವೇ. ಮತ್ತು ಅದು ಸಾಮಾನ್ಯವಾಗಿ ಮನೆಯಲ್ಲಿ ಅತಿ ಕಡಿಮೆ ಮಾತಾಡುವವರ ಪಾಲಿಗೆ ಬಂದಿರುತ್ತದೆ. “ಮೇಲೆ ಇರೋಕಾಗಲ್ಲ, ಬಿಲ್ಡರಿಗೆ ಕೊಟ್ಟುಬಿಡೋಣ” ಎಂಬ ಮಾತೂ ಹಳೆಯ ಮನೆಗಳಲ್ಲಿ ಹುಟ್ಟುವುದು ಇದೇ ದಿನಗಳಲ್ಲಿ. ಮನೆಯನ್ನು ಉಳಿಸುವುದೋ ಕೆಡವುವುದೋ ಎಂಬ ತೀರ್ಮಾನ ಇನ್ನು ಕೆಲವು ವರ್ಷಗಳಲ್ಲಿ ನಿಮ್ಮ ಕೈಗೆ ಬರಲಿದೆ. ಆದ್ದರಿಂದ ಆ ಬಿಸಿಯನ್ನು ತಡೆಯುವ ಹೊದಿಕೆಯ ವಿಚಾರ, ಅಂದರೆ ಇನ್ಸುಲೇಶನ್ ವಿಚಾರ, ನಿಮಗೆ ತಿಳಿದಿರುವುದು ಒಳ್ಳೆಯದು.

ಇನ್ಸುಲೇಶನ್ ಎಂಬ ಪದದ ಮೂಲ ಲ್ಯಾಟಿನ್ನಿನ ‘ಇನ್ಸುಲಾ’. ಹಾಗೆಂದರೆ ದ್ವೀಪ. ಸುತ್ತಲಿನಿಂದ ಬೇರ್ಪಡಿಸಿ ದ್ವೀಪದಂತೆ ಇಡುವುದು ಎಂದು ಅರ್ಥ. ಹೊದಿಕೆ ತಾನಾಗಿ ತಂಪನ್ನು ಹುಟ್ಟಿಸುವುದಿಲ್ಲ. ಬಿಸಿ ಒಳಬರುವ ವೇಗವನ್ನು ತಗ್ಗಿಸುತ್ತದೆ, ಅಷ್ಟೇ. ಇಷ್ಟನ್ನು ನೆನಪಿಟ್ಟುಕೊಂಡರೆ ಅಂಗಡಿಯವರ ಅರ್ಧ ಮಾತುಗಳನ್ನು ನೀವೇ ತೂಗಿ ನೋಡಬಹುದು.

ತಲೆಯ ಮೇಲಿನ ಮಂಗಳೂರು

ಪುಣೆಯ ಹಳೆಯ ಮನೆಗಳ ಮೇಲಿರುವುದು ಬಹುಮಟ್ಟಿಗೆ ಎರಡೇ: ತಗಡು, ಇಲ್ಲವೇ ಹಂಚು. ತಗಡಿಗೆ ಇಲ್ಲಿನವರು ಪತ್ರಾ ಎನ್ನುತ್ತಾರೆ. ಹಂಚಿಗೆ ಹೇಳುವುದು ‘ಮಂಗಳೂರಿ ಕೌಲ’ ಎಂದು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ನಂಬಿ, ಹಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹಂಚು ಸಮುದ್ರಮಾರ್ಗವಾಗಿ ಮುಂಬಯಿಗೂ ಇನ್ನೂ ದೂರದ ದೇಶಗಳಿಗೂ ಹೋಯಿತು. ಹಳೆಯ ಅಟ್ಟ ಹತ್ತಿ ಟಾರ್ಚು ಹಾಕಿ ನೋಡಿದರೆ ಹಂಚಿನ ಒಳಮೈ ಮೇಲೆ ಕಾರ್ಖಾನೆಯ ಹೆಸರೂ ಮಂಗಳೂರಿನ ಹೆಸರೂ ಒತ್ತಿರುವುದು ಎಷ್ಟೋ ಕಡೆ ಕಾಣುತ್ತದೆ. ನಮಗಿಂತ ಮೊದಲೇ ಪುಣೆಗೆ ಬಂದು ನೆಲೆಸಿದ ಕನ್ನಡನಾಡಿನ ಮಣ್ಣು ಅದು!

ಕನ್ನಡದಲ್ಲಿ ಹಂಚು ಎಂದರೆ ಛಾವಣಿಯ ಹಂಚೂ ಹೌದು, ದೋಸೆ-ರೊಟ್ಟಿ ಬೇಯಿಸುವ ಹಂಚೂ ಹೌದು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಈ ಎರಡು ಅರ್ಥಗಳ ನಡುವೆ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರೇ. ಕರಾವಳಿ, ಮಲೆನಾಡುಗಳ ಹಳೆಯ ಮನೆಗಳಲ್ಲಿ ಹಂಚಿನ ಕೆಳಗೆ ನೇರವಾಗಿ ಮಲಗುವ ಕೋಣೆ ಇರಲಿಲ್ಲ. ನಡುವೆ ಮರದ ಹಲಗೆಯ ಮುಚ್ಚಿಗೆ. ಎಷ್ಟೋ ಮನೆಗಳಲ್ಲಿ ಆ ಮುಚ್ಚಿಗೆಯ ಮೇಲೆ ಮಣ್ಣಿನ ಪದರ. ಬಿಸಿ ಅಟ್ಟದಲ್ಲೇ ಉಳಿದು ಹಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಧಾರವಾಡ, ವಿಜಯಪುರದ ಕಡೆ ಮಾಳಿಗೆ ಮನೆಗಳ ಜಂತೆಯ ಮೇಲೆ ದಪ್ಪ ಮೇಲ್ಮುದ್ದೆ. ಹಗಲಿನ ಬಿಸಿ ಆ ಮಣ್ಣನ್ನು ದಾಟುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ. ಅಂದರೆ ಅಟ್ಟ ಎನ್ನುವುದು ಮನೆಯ ಕೊಡೆಯಾಗಿತ್ತು. ಪುಣೆಗೆ ಬಂದ ಮೇಲೆ ಆ ಕೊಡೆಯೊಳಗೇ ಮನುಷ್ಯರನ್ನು ಮಲಗಿಸಿದೆವು. ತೊಂದರೆ ಅಲ್ಲಿಂದ ಶುರುವಾಯಿತು.

ಬಿಸಿ ಬರುವ ದಾರಿ

ಅಡುಗೆಮನೆಯಲ್ಲಿ ನಿಂತರೆ ಬಿಸಿ ಸಾಗುವ ಮೂರು ದಾರಿಗಳೂ ಕಾಣುತ್ತವೆ. ಸಾರಿನಲ್ಲಿಟ್ಟ ಸ್ಟೀಲ್ ಸೌಟಿನ ಹಿಡಿ ಸುಡುವುದು ಒಂದು ದಾರಿ. ಬಿಸಿ ವಸ್ತುವಿನ ಮೂಲಕವೇ ಹರಿಯುತ್ತದೆ. ಇಡ್ಲಿಪಾತ್ರೆಯ ಹಬೆ ಮೇಲೇರುವುದು ಎರಡನೆಯದು. ಬಿಸಿ ಗಾಳಿಯ ಜೊತೆ ಹೋಗುತ್ತದೆ. ಕೆಂಡದ ಮುಂದೆ ನಿಂತಾಗ, ಮುಟ್ಟದೆಯೇ ಮುಖ ಕಾಯುವುದು ಮೂರನೆಯದು. ಬಿಸಿ ಬೆಳಕಿನಂತೆ ಕಿರಣವಾಗಿ ಬರುತ್ತದೆ.

ಕಾದ ಛಾವಣಿಯಿಂದ ಅಟ್ಟದೊಳಕ್ಕೆ ಇಳಿಯುವ ಬಿಸಿಯ ದೊಡ್ಡ ಪಾಲು ಈ ಮೂರನೆಯ ದಾರಿಯದು. ಬಿಸಿಗಾಳಿ ಮೇಲೇರುವ ಸ್ವಭಾವದ್ದಾದ್ದರಿಂದ ಛಾವಣಿಯ ಕೆಳಗೇ ನಿಲ್ಲುತ್ತದೆ. ಕಿರಣ ಮಾತ್ರ ನೇರ ನಮ್ಮ ನೆತ್ತಿಗೆ ಬರುತ್ತದೆ. ಪತ್ರಾದ ಕೆಳಗೆ ಫ್ಯಾನು ಹಾಕಿದರೂ ತಲೆ ಸುಡುವುದು ಇದರಿಂದಲೇ. ಚಳಿದೇಶದವರ ಸಮಸ್ಯೆ ಇದಕ್ಕೆ ತಿರುವುಮುರುವು. ಅವರು ಒಳಗಿನ ಬಿಸಿ ಮೇಲೆ ಹೋಗದಂತೆ ತಡೆಯಬೇಕು, ನಾವು ಮೇಲಿನ ಬಿಸಿ ಕೆಳಗಿಳಿಯದಂತೆ ತಡೆಯಬೇಕು. ಅಮೆರಿಕದಲ್ಲಿರುವ ಸೋದರಮಾವನ ಮನೆಯ ಅಟ್ಟದಲ್ಲಿ ಅಡಿಗೂ ಮೀರಿದ ದಪ್ಪದ ಹೊದಿಕೆ ಇದೆಯೆಂದು ಇಲ್ಲಿಯೂ ಹಾಗೇ ಮಾಡಹೊರಟರೆ ಅಟ್ಟದಲ್ಲಿ ಮನುಷ್ಯರಿಗೆ ಜಾಗವೇ ಉಳಿಯದು.

ಮೊದಲ ಪ್ರಶ್ನೆ: ಅಲ್ಲಿ ಯಾರಿರುತ್ತಾರೆ?

ಎಲ್ಲರೂ ಮೊದಲು ಕೇಳುವುದು “ಯಾವ ಮಾಲು ಒಳ್ಳೆಯದು?” ಎಂದು. ಕೇಳಬೇಕಾದದ್ದು “ಅಟ್ಟದಲ್ಲಿ ಯಾರಿರುತ್ತಾರೆ?” ಎಂದು. ಯಾರೂ ಇರುವುದಿಲ್ಲ, ಹಳೆಯ ಪೆಟ್ಟಿಗೆಗಳಷ್ಟೇ ಇವೆ ಎಂದಾದರೆ ಕೆಲಸ ಸುಲಭ. ಹೊದಿಕೆಯನ್ನು ಅಟ್ಟದ ನೆಲದ ಮೇಲೆ ಹಾಸಿ. ಮೇಲಿನ ಹಂಚು ತನ್ನ ಪಾಡಿಗೆ ಕಾಯಲಿ, ಗಾಳಿಯಾಡಲಿ. ಇದು ನಮ್ಮ ಹಿರಿಯರ ಮುಚ್ಚಿಗೆಯ ಮೇಲಿನ ಮಣ್ಣಿನ ಉಪಾಯವೇ. ಖರ್ಚೂ ಕಡಿಮೆ, ತಲೆಗೆ ತಾಗುವ ಚಿಂತೆಯೂ ಇಲ್ಲ.

ಮನುಷ್ಯರಿರುತ್ತಾರೆ ಎಂದಾದರೆ ಹೊದಿಕೆ ಇಳಿಜಾರಿಗೇ, ಛಾವಣಿಯ ಒಳಮೈಗೇ ಬರಬೇಕು. ಆಗ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ. ನಡುವೆ ಆರಡಿ, ಅಂಚಿನಲ್ಲಿ ಎರಡೂವರೆ ಅಡಿ ಎತ್ತರದ ಅಟ್ಟದಲ್ಲಿ ನಾಲ್ಕು ಇಂಚು ಕಳೆದರೆ, ನಿಲ್ಲಬಹುದಾದ ಜಾಗ ಬಗ್ಗಿ ನಡೆಯುವ ಜಾಗವಾಗುತ್ತದೆ.

ಎರಡನೆಯ ಪ್ರಶ್ನೆ ಛಾವಣಿಯ ಆರೋಗ್ಯದ್ದು. ಸೋರುವ ಮಾಡಿಗೆ ಹೊದಿಕೆ ಹಾಕುವುದು, ಕೀವಾದ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಮೊದಲು ಹನಿ ನೆಲಕ್ಕೆ ಬೀಳುತ್ತಿತ್ತು, ಪಾತ್ರೆಯಾದರೂ ಇಡುತ್ತಿದ್ದಿರಿ. ಹೊದಿಕೆ ಬಂದ ಮೇಲೆ ಆ ನೀರು ಕಾಣದಂತೆ ಪಕ್ಕಾಸು, ರೀಪುಗಳನ್ನು ಕೊಳೆಸುತ್ತದೆ. ಆದ್ದರಿಂದ ಒಡೆದ ಹಂಚು ಬದಲಿಸಿ, ಮರಕ್ಕೆ ಗೆದ್ದಲು ಹಿಡಿದಿದೆಯೇ ಎಂದು ಮೊಳೆಯಿಂದ ಚುಚ್ಚಿ ನೋಡಿಸಿ. ಛಾವಣಿ ಸಿಮೆಂಟ್ ಶೀಟಿನದಾದರೆ ಇನ್ನೂ ಒಂದು ಎಚ್ಚರ ಬೇಕು. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವುದು ಸಾಮಾನ್ಯ. ಅದನ್ನು ಕೊರೆಯುವುದು, ಉಜ್ಜುವುದು, ಒಡೆಯುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ತಲೆಯೆತ್ತಬಲ್ಲದು.

ಅಂಗಡಿಯಲ್ಲಿ ಸಿಗುವುದೇನು?

ಎಲ್ಲಕ್ಕೂ ಅಗ್ಗದ ಮತ್ತು ಒಂದಿಂಚೂ ಜಾಗ ತಿನ್ನದ ಉಪಾಯ ಛಾವಣಿಯ ಹೊರಮೈಗೆ ಬಿಳಿ ಬಳಿಯುವುದು. ಬಿಳಿಯ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅಹಮದಾಬಾದು 2017ರಲ್ಲಿ ಬಡವರ ಮನೆಗಳ ಛಾವಣಿಗಳಿಗೆ ಸುಣ್ಣದ ಬಿಳುಪು ಬಳಿಸುವ ಕೆಲಸಕ್ಕೆ ಕೈಹಾಕಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ನಿಮ್ಮದು ಪತ್ರಾ ಆದರೆ ಮೊದಲ ಖರ್ಚು ಇದಕ್ಕಿರಲಿ. ಧೂಳು, ಪಾಚಿ ಕೂತಂತೆ ಬಿಳುಪು ಮಾಸುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಾದೀತು.

ಎರಡನೆಯದು ಹೊಳೆಯುವ ಅಲ್ಯುಮಿನಿಯಂ ಫಾಯಿಲ್. ಇದು ಕಿರಣರೂಪದ ಬಿಸಿಯ 90 ಪಾಲಿಗೂ ಹೆಚ್ಚನ್ನು ತಡೆಯಬಲ್ಲದು. ಆದರೆ ಒಂದು ಷರತ್ತಿದೆ: ಹೊಳೆಯುವ ಮೈಯ ಎದುರಿಗೆ ಕನಿಷ್ಠ ಒಂದಿಂಚು ಖಾಲಿ ಗಾಳಿ ಬೇಕು. ಥರ್ಮಾಸ್ ಫ್ಲಾಸ್ಕಿನ ಗಾಜಿಗೆ ಬೆಳ್ಳಿಯ ಹೊಳಪು ಇರುವುದೂ, ಅದರ ಎದುರಿಗೆ ಟೊಳ್ಳು ಇರುವುದೂ ಇದೇ ತತ್ತ್ವದ ಮೇಲೆ. ಫಾಯಿಲನ್ನು ಪತ್ರಾಕ್ಕೇ ಒತ್ತಿ ಅಂಟಿಸಿ, ಅದರ ಕೆಳಗೆ ಪ್ಲೈವುಡ್ಡನ್ನೂ ಒತ್ತಿ ಹೊಡೆದರೆ ಅದು ಬರೀ ಲೋಹದ ಹಾಳೆ. ಬಿಸಿ ಸಲೀಸಾಗಿ ದಾಟುತ್ತದೆ. ಹೊಳೆಯುವ ಮೈ ಮೇಲ್ಮುಖವಾಗಿದ್ದರೆ ಧೂಳು ಕೂತು ಮಂಕಾಗುತ್ತದೆ. ಕೆಳಮುಖವಾಗಿದ್ದರೆ ಎಷ್ಟೋ ವರ್ಷ ಹೊಳಪು ಉಳಿಯುತ್ತದೆ.

ಮೂರನೆಯದು ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ. ಅಂಗಡಿಯಲ್ಲಿ ಗ್ಲಾಸ್‌ವುಲ್, ರಾಕ್‌ವುಲ್ ಎಂದು ಕೇಳಬೇಕು. ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುವುದೇ ಇವುಗಳ ಗುಟ್ಟು, ಕಂಬಳಿಯ ಹಾಗೆ. ಗ್ಲಾಸ್‌ವುಲ್‌ನ ಎಳೆ ಉರಿಯುವುದಿಲ್ಲ. ರಾಕ್‌ವುಲ್ ಅದಕ್ಕಿಂತಲೂ ಹೆಚ್ಚಿನ ಕಾವು ತಡೆಯುತ್ತದೆ. ಆದರೆ ಒದ್ದೆಯಾದರೆ ಕೆಲಸಕ್ಕೆ ಬಾರದು. ಎಳೆ ಮೈಗೆ ತಾಗಿದರೆ ತುರಿಕೆ. ಆದ್ದರಿಂದ ಕೂರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕು. ಆಮೇಲೆ ಹಲಗೆ ಅಥವಾ ಜಿಪ್ಸಮ್ ಬೋರ್ಡಿನಿಂದ ಮುಚ್ಚಬೇಕು. ಕೊಳ್ಳುವಾಗ ದಪ್ಪವನ್ನಷ್ಟೇ ಕೇಳಬೇಡಿ. ಡೆನ್ಸಿಟಿ ಎಷ್ಟು, ಅಂದರೆ ಘನಮೀಟರಿಗೆ ಎಷ್ಟು ಕಿಲೊ ಎಂದೂ ಕೇಳಿ. ತೀರ ಸಡಿಲವಾದದ್ದು ಇಳಿಜಾರಿನಲ್ಲಿ ಕೆಲವೇ ವರ್ಷಕ್ಕೆ ಜಾರಿ ಕೆಳಗೆ ಗಂಟುಕಟ್ಟುತ್ತದೆ.

ನಾಲ್ಕನೆಯದು ಥರ್ಮೋಕೋಲ್ ಮತ್ತು ಪಿಯು ಫೋಮ್. ನಿಮ್ಮ ಊಟದ ಹಾಟ್‌ಬಾಕ್ಸಿನ ಗೋಡೆಯೊಳಗೆ ಇರುವುದು ಇಂಥದೇ ಫೋಮು. ಇಂಚಿಗೆ ಇಂಚು ಲೆಕ್ಕ ಹಾಕಿದರೆ ಪಿಯು ಫೋಮ್ ಎಲ್ಲಕ್ಕಿಂತ ಮುಂದೆ. ಇಕ್ಕಟ್ಟಾದ ಅಟ್ಟಕ್ಕೆ ಅದೇ ಸರಿಯೆಂದು ತೋರುವುದು ಸಹಜ. ಆದರೆ ಇವೆರಡಕ್ಕೂ ಬೆಂಕಿಯ ಭಯವಿದೆ. ಆ ಮಾತಿಗೆ ಮುಂದೆ ಬರುತ್ತೇನೆ. ಇನ್ನೊಂದು ತೊಂದರೆಯೂ ಇದೆ. ಫೋಮನ್ನು ನೇರ ಹಂಚಿನ ಒಳಮೈಗೆ ಸಿಂಪಡಿಸಿದರೆ ಹಂಚು, ರೀಪು ಎಲ್ಲ ಒಂದೇ ಗಟ್ಟಿಯಾಗಿಬಿಡುತ್ತವೆ. ಆಮೇಲೆ ಒಡೆದ ಒಂದೇ ಒಂದು ಹಂಚನ್ನು ಬದಲಿಸುವುದು ಆಗದ ಮಾತು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು ಎಂಬುದೇ ಹಂಚಿನ ಮಾಡಿನ ದೊಡ್ಡ ಗುಣ, ಅದನ್ನು ಕಳೆದುಕೊಳ್ಳಬಾರದು.

ಎಷ್ಟು ದಪ್ಪ ಬೇಕು?

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಮಟ್ಟಸದ ದಾರಿ ಹಿಡಿದು ಲೆಕ್ಕ ಹಾಕಿದರೆ, ಬರಿಯ ಪತ್ರಾದ ಮೂಲಕ ಒಂದು ಚದರ ಮೀಟರಿಗೆ, ಒಳ-ಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಐದು ವ್ಯಾಟಿನ ಹತ್ತಿರ ಬಿಸಿ ದಾಟುತ್ತದೆ. ಅದರ ಕೆಳಗೆ ಒಂದಿಂಚು ಉಣ್ಣೆ ಕೂರಿಸಿದರೆ ಅದು 1.2ಕ್ಕೆ ಇಳಿಯುತ್ತದೆ, ಅಂದರೆ ನಾಲ್ಕರಲ್ಲಿ ಒಂದು ಪಾಲಿಗೆ. ಎರಡಿಂಚಾದರೆ 0.7, ಏಳರಲ್ಲಿ ಒಂದು ಪಾಲು. ನಾಲ್ಕಿಂಚಾದರೆ 0.4ರ ಸುಮಾರು, ಹದಿಮೂರರಲ್ಲಿ ಒಂದು ಪಾಲು.

ಗಮನಿಸಿ ನೋಡಿ: ಮೊದಲ ಇಂಚು ನಾಲ್ಕರಲ್ಲಿ ಮೂರು ಪಾಲು ಬಿಸಿಯನ್ನು ತಡೆಯಿತು. ಎರಡನೆಯ ಇಂಚು ಮಾಡಿದ್ದು ಅದಕ್ಕಿಂತ ಬಹಳ ಕಡಿಮೆ. ಮೂರು, ನಾಲ್ಕನೆಯ ಇಂಚುಗಳು ಎರಡೂ ಸೇರಿ ಮಾಡಿದ್ದು ಇನ್ನೂ ಕಡಿಮೆ. ಚಳಿಗೆ ಮೊದಲ ಕಂಬಳಿ ಕೊಟ್ಟ ಸುಖ ನಾಲ್ಕನೆಯ ಕಂಬಳಿ ಕೊಡುವುದಿಲ್ಲವಲ್ಲ, ಹಾಗೆ. ಹೊಸ ವಸತಿ ಕಟ್ಟಡಗಳಿಗೆಂದು ಭಾರತ ಸರಕಾರ 2018ರಲ್ಲಿ ಹೊರತಂದ ‘ಎಕೋ ನಿವಾಸ್ ಸಂಹಿತೆ’ ಛಾವಣಿಗೆ ಹಾಕಿದ ಮಿತಿಯೂ ಇದೇ 1.2. ಹಳೆಯ ಮನೆಗೆ ಆ ನಿಯಮದ ಕಟ್ಟು ಇಲ್ಲದಿದ್ದರೂ ಗುರಿಯಾಗಿ ಇಟ್ಟುಕೊಳ್ಳಬಹುದು. ಒಂದರಿಂದ ಎರಡಿಂಚು ಉಣ್ಣೆ, ಜೊತೆಗೆ ಗಾಳಿಯ ಸಂದು ಬಿಟ್ಟ ಫಾಯಿಲ್: ಪುಣೆಯ ಇಕ್ಕಟ್ಟಾದ ಅಟ್ಟಕ್ಕೆ ಇಷ್ಟು ಧಾರಾಳವಾಗಿ ಸಾಕು. ಪಕ್ಕಾಸಿಗೇ ಮೂರು-ನಾಲ್ಕು ಇಂಚು ಆಳವಿರುತ್ತದೆ. ಉಣ್ಣೆಯನ್ನು ಪಕ್ಕಾಸುಗಳ ನಡುವೆಯೇ ಕೂರಿಸಿದರೆ ತಲೆಯೆತ್ತರದಲ್ಲಿ ಕಳೆಯುವುದು ಕೆಳಗಿನ ಹಲಗೆಯ ದಪ್ಪವಷ್ಟೇ.

ಹಂಚಿಗೂ ಹೊದಿಕೆಗೂ ನಡುವೆ ಒಂದಿಂಚಾದರೂ ಸಂದು ಬಿಡಿ. ಸೂರಿನಲ್ಲಿ ಗಾಳಿ ಒಳಬರಲು, ಮಾಡಿನ ನೆತ್ತಿಯಲ್ಲಿ ಹೊರಹೋಗಲು ದಾರಿ ಇರಲಿ. ಇಲಿ, ಹಲ್ಲಿ ನುಗ್ಗದಂತೆ ಎರಡೂ ಕಡೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಈ ಸಂದಿನಿಂದ ಬೇಸಿಗೆಯಲ್ಲಿ ಬಿಸಿಗಾಳಿ ಹೋಗುತ್ತದೆ, ಮಳೆಗಾಲದಲ್ಲಿ ಒದ್ದೆಯಾದ ಮರ ಒಣಗುತ್ತದೆ. ಪುಣೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲೇ ತೇವ. ಉಸಿರಾಡದ ಮರ ಒಳಗೊಳಗೇ ಬೂಷ್ಟು ಹಿಡಿಯುತ್ತದೆ.

ಬೆಂಕಿ, ಕರೆಂಟು

1828ರಲ್ಲಿ ಶನಿವಾರವಾಡೆಗೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ಇಂದು ನಾವು ನೋಡಲು ಹೋಗುವುದು ಉಳಿದ ಕಲ್ಲಿನ ಕೋಟೆಯನ್ನು; ತೇಗದ ಮರದ ಮಹಡಿಗಳಲ್ಲಿ ಏನೂ ಉಳಿಯಲಿಲ್ಲ. ಪೇಠೆಗಳ ಹಳೆಯ ವಾಡೆಗಳೂ ಅದೇ ಮರದ ಚೌಕಟ್ಟಿನವು. ಅಂಥ ಅಟ್ಟಕ್ಕೆ ತೆರೆದ ಥರ್ಮೋಕೋಲ್ ಹೊಡೆಯುವುದೆಂದರೆ ಏನೆಂದು ಯೋಚಿಸಿ. ಅದು ಕರಗಿ ಹನಿಹನಿಯಾಗಿ ಉರಿಯುತ್ತ ಬೀಳುತ್ತದೆ, ಕಪ್ಪು ಹೊಗೆ ಕಾರುತ್ತದೆ. ಅಟ್ಟದಿಂದ ಇಳಿಯಲು ಇರುವುದು ಒಂದೇ ಕಡಿದಾದ ಏಣಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್ಫೆಲ್ ಟವರಿನಲ್ಲಿ 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ತಿರುಳಿನ ಹಾಳೆಗಳಿಂದ, ಜೊತೆಗಿದ್ದ ಫೋಮಿನಿಂದ ಬೆಂಕಿ ಮಹಡಿಯಿಂದ ಮಹಡಿಗೆ ಏರಿತು. ಅಷ್ಟು ದೊಡ್ಡ ದೇಶದಲ್ಲೂ ಹೊದಿಕೆಯ ಆಯ್ಕೆ ಪ್ರಾಣದ ಪ್ರಶ್ನೆಯಾಯಿತು. ಜನ ಮಲಗುವ ಅಟ್ಟಕ್ಕೆ ಉರಿಯದ ಉಣ್ಣೆಯೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ಅದರಿಂದ ಒಂದಿಂಚು ಹೆಚ್ಚು ಹೋದರೂ ಹೋಗಲಿ.

ಇನ್ನು ಕರೆಂಟಿನ ಮಾತು. ಆಸ್ಟ್ರೇಲಿಯಾ ಸರಕಾರ 2009ರಲ್ಲಿ ಮನೆಮನೆಯ ಅಟ್ಟಕ್ಕೆ ಹೊದಿಕೆ ಹಾಕಿಸುವ ದೊಡ್ಡ ಯೋಜನೆ ಶುರುಮಾಡಿತು. ಕೆಲವೇ ತಿಂಗಳಲ್ಲಿ ನಾಲ್ವರು ಕೆಲಸದ ಹುಡುಗರು ಸತ್ತರು. ಅವರ ವಯಸ್ಸು 16ರಿಂದ 25. ಮೂವರು ವಿದ್ಯುದಾಘಾತದಿಂದ, ಒಬ್ಬ ಅಟ್ಟದ ಬಿಸಿಗೇ. ಮೂವರಲ್ಲಿ ಇಬ್ಬರು ಹೊಳೆಯುವ ಫಾಯಿಲ್ ಹೊಡೆಯುತ್ತಿದ್ದವರು. ಲೋಹದ ಪಿನ್ನು ತಂತಿಗೆ ಚುಚ್ಚಿದರೆ ಇಡೀ ಫಾಯಿಲಿಗೆ ಕರೆಂಟು ಹರಿಯುತ್ತದೆ. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು. 2014ರಲ್ಲಿ ವಿಚಾರಣಾ ಆಯೋಗದ ವರದಿಯೂ ಬಂತು. ಹೋದ ಹುಡುಗರು ಬರಲಿಲ್ಲ. ಅವರು ನಿಮ್ಮ ವಯಸ್ಸಿನವರು.

ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಮರದ ಪಟ್ಟಿಯೊಳಗೆ ಓಡಿಸಿದ ಎಷ್ಟೋ ದಶಕಗಳ ಹಿಂದಿನ ತಂತಿಗಳಿರುತ್ತವೆ. ಮುಟ್ಟಿದರೆ ಮೇಲಿನ ರಬ್ಬರು ಪುಡಿಯಾಗಿ ಉದುರುತ್ತದೆ. ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನರಿಂದ ಆ ತಂತಿ ಬದಲಿಸಿ, ಪೈಪಿನೊಳಗೆ ಹಾಕಿಸಿ. 30 ಮಿಲಿ ಆಂಪಿಯರಿಗೆ ಕರೆಂಟು ಕಡಿಯುವ ಆರ್‌ಸಿಸಿಬಿ ಕೂರಿಸಿ. ಕೆಲಸ ನಡೆಯುವ ದಿನ ಮೇನ್ ಸ್ವಿಚ್ ಆರಿಸಿಯೇ ಇರಲಿ. ಕೆಲಸದವರನ್ನು ಬೆಳಗ್ಗೆ ಬೇಗ ಕರೆಯಿರಿ, ಹನ್ನೊಂದಕ್ಕೆ ಕೆಳಗಿಳಿಸಿ, ನೀರು-ಮಜ್ಜಿಗೆ ಕೊಡಿ. ಮಧ್ಯಾಹ್ನದ ಹೊತ್ತು ಯಾರನ್ನೂ ಮೇಲೆ ಹತ್ತಿಸಬೇಡಿ.

ಕೆಲಸದ ಕ್ರಮ

ಮಾರ್ಚ್-ಏಪ್ರಿಲಿನಲ್ಲಿ ಛಾವಣಿ ರಿಪೇರಿ ಮಾಡಿಸಿ, ಪತ್ರಾ ಆದರೆ ಬಿಳಿ ಬಳಿಸಿ. ಒಂದು ಮಳೆಗಾಲ ಕಾಯಿರಿ. ಜೋರು ಮಳೆ ಬಂದಾಗ ಟಾರ್ಚು ಹಿಡಿದು ಮೇಲೆ ಹೋಗಿ ಎಲ್ಲಿ ತೇವವಿದೆಯೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ದಸರೆ ಕಳೆದು ಮರ ಒಣಗಿದ ಮೇಲೆ ಗುರುತಿನ ಜಾಗ ಸರಿಪಡಿಸಿ, ಆಮೇಲೆ ತಂತಿಯ ಕೆಲಸ, ಕೊನೆಗೆ ಹೊದಿಕೆ. ವೈರು, ಸ್ವಿಚ್ಚು ತಾಪಕೀರ್ ಗಲ್ಲಿಯಲ್ಲಿ, ಮರದ ಪಟ್ಟಿ-ಹಲಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಳೆಯ ಪರಿಚಯ, ಬಾಯಿಮಾತು ಸಾಲದು. ಹೊದಿಕೆಯಲ್ಲಿ ಒಂದೆರಡು ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂ ಹಾಕಿ ಕೂರಿಸಿ. ವರ್ಷಕ್ಕೊಮ್ಮೆ ಬಿಚ್ಚಿ ಒಳಗೆ ಇಣುಕಬಹುದು. ಡಿಸೆಂಬರಿನ ಚಳಿಯಲ್ಲಿ ಇದೇ ಉಣ್ಣೆ ಅಟ್ಟವನ್ನು ಬೆಚ್ಚಗೂ ಇಡುತ್ತದೆ.

ಎಲ್ಲ ಮುಗಿದ ಮೇಲೂ ಕಿಟಕಿ ಬೇಕು. ಬಿಸಿಲಿನಲ್ಲಿ ಮುಚ್ಚಿ, ಸಂಜೆ ತೆರೆಯಿರಿ. ಪುಣೆಯ ಸಂಜೆಯ ಗಾಳಿ ಇಂದಿಗೂ ಒಳ್ಳೆಯದು. ತಗ್ಗು ಅಟ್ಟಕ್ಕೆ ಸೀಲಿಂಗ್ ಫ್ಯಾನು ಬೇಡ, ಗೋಡೆಯ ಫ್ಯಾನು ಹಾಕಿಸಿ.

‘ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ?’ ಎಂದು ನಮ್ಮಲ್ಲಿ ಗಾದೆಯಿದೆ. ಹಳೆಯ ಮನೆಯ ಬಗ್ಗೆ ನಿಮ್ಮ ಮನೆಯಲ್ಲಿ ಮಾತು ಬಂದಾಗ, ಇರಿಸಿಕೊಳ್ಳುವುದೇ ಕೊಡುವುದೇ ಎಂದು ಹೇಳುವ ಮೊದಲು, ಏಪ್ರಿಲಿನ ಒಂದು ಮಧ್ಯಾಹ್ನ ನೀವೇ ಅಟ್ಟ ಹತ್ತಿ ಹತ್ತು ನಿಮಿಷ ಕೂತು ಬನ್ನಿ. ಅಪ್ಪ-ಅಮ್ಮನನ್ನೂ ಒಂದೈದು ನಿಮಿಷ ಕರೆದುಕೊಂಡು ಹೋಗಿ. ಅಲ್ಲಿ ಓದುತ್ತಿರುವ ಹುಡುಗಿಗೆ ಏನು ಬೇಕೆಂದು ಆಗ ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.